ನಾಲ್ಕು ಬೆರಳು ಗಿಡ್ಡ

ನಾನು ಒಂದು ಜಂಪ್‌ಸೂಟ್. ಅಂಗಿ ಬೇರೆ, ಪಾಯಜಾಮ ಬೇರೆ ಎಂಬ ಭೇದವಿಲ್ಲದೆ ಕೊರಳಿನಿಂದ ಕಣಕಾಲಿನವರೆಗೆ ಒಂದೇ ಆಗಿ ಹುಟ್ಟಿದ ಉಡುಪು. ಮೇಲೆ ಚೆಂಡುಹೂವಿನ ಹಳದಿ, ಕೆಳಗೆ ಮಾಗಿದ ನೇರಳೆ ಹಣ್ಣಿನ ಬಣ್ಣ, ತೋಳಿನ ಅಂಚಿಗೆ ಗಿಳಿಹಸಿರಿನ ಸಣ್ಣ ಪಟ್ಟಿ. ಇಷ್ಟೆಲ್ಲ ಬಣ್ಣ ಹೊತ್ತು ಹುಟ್ಟಿದ ನನಗೆ ಹೊಗಳಿಸಿಕೊಳ್ಳುವ ಆಸೆಯಿತ್ತು ಎಂದರೆ ನೀವು ಆಶ್ಚರ್ಯಪಡಬೇಕಾಗಿಲ್ಲ. ಆದರೆ ಆ ಆಸೆಯಿಂದಲೇ ನಾನು ಒಬ್ಬ ಹೆಂಗಸಿಗೆ ಮೋಸ ಮಾಡಿದೆ. ಬಾಯಿಲ್ಲದ ವಸ್ತುವಿಗೆ ಮೋಸ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಕೊನೆಯವರೆಗೆ ಕೇಳಿ, ಆಮೇಲೆ ಹೇಳಿ.

ನಾನು ಹುಟ್ಟಿದ್ದು ಗದಗಿನ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ, ಏಕನಾಥ ಮಾಸ್ತರರ ಅಂಗಡಿಯಲ್ಲಿ. ಮಾಸ್ತರರು ಮೂವತ್ತು ವರ್ಷದಿಂದ ಹೆಂಗಸರ ಜಂಪರು ಹೊಲಿಯುತ್ತಿದ್ದವರು. ಕುಪ್ಪಸಕ್ಕೆ ಆ ಕಡೆ ಜಂಪರು ಎಂದೇ ಹೆಸರು. ಈ ಮೂವತ್ತು ವರ್ಷಗಳಲ್ಲಿ ಅವರು ಒಬ್ಬ ಹೆಂಗಸಿನ ಮೈಗೂ ಟೇಪು ಹಿಡಿದವರಲ್ಲ. ಬಂದವರು ತಮಗೆ ಸರಿಯಾಗಿ ಕೂಡುವ ಒಂದು ಹಳೆಯ ಜಂಪರನ್ನು ಅಳತೆಗೆಂದು ತಂದುಕೊಡಬೇಕು. ಮಾಸ್ತರರು ಅದನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಎರಡು ಸಲ ಸವರಿ, ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. "ಅಳತಿ ಜಂಪರ್ ಕೊಟ್ಟು ಹೋಗ್ರಿ, ಸಾಕು," ಎನ್ನುವುದು ಅವರ ಮಾತು. ಊರಿನ ಹೆಂಗಸರು ಅವರನ್ನು ನಂಬಿದ್ದು ಕೈಚಳಕಕ್ಕಿಂತ ಹೆಚ್ಚಾಗಿ ಈ ಮರ್ಯಾದೆಗೆ.

ಅಂಗಡಿಯ ಹಿಂದೆಯೇ ಅವರ ಮನೆ. ನಡುವಿನ ಬಾಗಿಲಲ್ಲಿ ಅವರ ಹೆಂಡತಿ ರುಕ್ಮಾಬಾಯಿ ಕುಳಿತು ಗುಂಡಿ, ಹುಕ್ಕು ಹಚ್ಚುತ್ತಿದ್ದರು. ಬಣ್ಣದ ಲೆಕ್ಕದಲ್ಲಿ ಆ ಮನೆಯ ನಿಜವಾದ ಮಾಸ್ತರು ಅವರೇ. ಆದರೆ ಅವರನ್ನು ಯಾರೂ ಹಾಗೆ ಕರೆಯಲಿಲ್ಲ, ಏಕನಾಥ ಮಾಸ್ತರರಂತೂ ಕರೆಯಲೇ ಇಲ್ಲ.

ನನ್ನನ್ನು ಬೇಡಿ ಬಂದವರು ಅನಸೂಯಾ ಹೂಗಾರ. ಹೆಣ್ಣುಮಕ್ಕಳ ಕಾಲೇಜಿನ ಗ್ರಂಥಪಾಲಕಿ, ಆಗ ನಲವತ್ತೇಳು ವಯಸ್ಸು. ಮೈಬಣ್ಣ ಕಪ್ಪು. ಚಿಕ್ಕಂದಿನಲ್ಲಿ ಅವರ ತಾಯಿ, "ನಮ್ಮಂಥಾ ಕರಿ ಮೈಯವ್ರಿಗೆ ಗಾಢ ಬಣ್ಣ ಒಪ್ಪೂದಿಲ್ಲವಾ," ಎಂದು ಹೇಳಿ ಹೇಳಿ, ಬೂದಿ, ಬಿಸ್ಕೀಟು, ಹಾಲುಕೆನೆ, ಈ ಮೂರು ಬಣ್ಣದಲ್ಲೇ ಮಗಳನ್ನು ಬೆಳೆಸಿದ್ದರು. ತಾಯಿ ತೀರಿಕೊಂಡು ಎಷ್ಟೋ ವರ್ಷವಾದರೂ ಬಣ್ಣ ಮಾತ್ರ ಬದಲಾಗಿರಲಿಲ್ಲ. ಅಂಥವರು ಒಂದು ದಿನ ಪರ್ಸಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ಯಾವುದೋ ವಾರಪತ್ರಿಕೆಯ ಪುಟ. ಅದರಲ್ಲಿ ನನ್ನಂಥದೇ ಹಳದಿ-ನೇರಳೆಯ ಒಂದು ಉಡುಪು ತೊಟ್ಟ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅವಳೂ ಕಪ್ಪಗಿದ್ದಳು.

"ಇಂಥಾದ್ದು ಹೊಲಿಯಾಕ ಬರ್ತದೇನ್ರಿ ಮಾಸ್ತರ?" ಎಂದರು ಅನಸೂಯಾ. "ಗ್ರಂಥಾಲಯಕ್ಕ ಐವತ್ತು ವರ್ಷ ಆತು. ಕಾರ್ಯಕ್ರಮದಾಗ ನಾನೂ ನಾಲ್ಕು ಮಾತಾಡಬೇಕು. ಅವತ್ತ ಒಂದು ದಿನರ ಇಂಥಾದ್ದು ಹಾಕ್ಕೋಬೇಕಂತ ಮನಸಾಗೇತಿ."

ಮಾಸ್ತರರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಂಗಿ ಎಲ್ಲಿ ಮುಗೀತು, ಪಾಯಜಾಮ ಎಲ್ಲಿ ಸುರು ಆತು, ಒಂದೂ ತಿಳಿವಲ್ತಲ್ರಿ ಬಾಯಾರ," ಎಂದು ನಕ್ಕರು. ಬರುವುದಿಲ್ಲ ಎನ್ನಲು ಮನಸ್ಸು ಬರಲಿಲ್ಲ. ಬಾಗಿಲಿನಿಂದ ರುಕ್ಮಾಬಾಯಿ ಕತ್ತು ಚಾಚಿ ನೋಡಿ, "ಎರಡೂ ಜೋರು ಬಣ್ಣ ಅದಾವ. ಹಂಗ ಕೂಡಿಸಿದ್ರ ಜಗಳಾಡ್ತಾವ. ನಡುವ ಮೂರನೇದೊಂದು ಬೇಕು, ನ್ಯಾಯ ಹೇಳಾಕ," ಎಂದರು. ಮಾಸ್ತರರು ಕೇಳಿಸಿಕೊಳ್ಳದವರಂತೆ ಇದ್ದರು. ನಡುವಿಗೆ ಮೂರನೆಯ ಬಣ್ಣ ಬೀಳಲಿಲ್ಲ.

ಅಳತೆಗೆಂದು ಅನಸೂಯಾ ಒಂದು ಜಂಪರನ್ನೂ ಒಂದು ಚೂಡಿದಾರದ ಪ್ಯಾಂಟನ್ನೂ ಕೊಟ್ಟು ಹೋದರು. ಇಲ್ಲಿಯೇ ತಪ್ಪು ನಡೆದದ್ದು. ಜಂಪರು ಎದೆಯ ಸುತ್ತಳತೆ ಹೇಳಿತು, ಪ್ಯಾಂಟು ಕಾಲಿನ ಉದ್ದ ಹೇಳಿತು. ಆದರೆ ನನ್ನಂಥ ಒಂದೇ ತುಂಡಿನ ಉಡುಪಿಗೆ ಇನ್ನೊಂದು ಅಳತೆ ಬೇಕು. ಟೇಪು ಭುಜದಿಂದ ಹೊರಟು, ಎದೆ ಹೊಟ್ಟೆ ಇಳಿದು, ಕಾಲುಗಳ ನಡುವೆ ಹಾದು, ಬೆನ್ನೇರಿ ಮತ್ತೆ ಅದೇ ಭುಜಕ್ಕೆ ಬರಬೇಕು. ಅದನ್ನು ಯಾವ ಹಳೆಯ ಬಟ್ಟೆಯೂ ಹೇಳಲಾರದು. ಮೈಗೇ ಟೇಪು ಹಿಡಿಯಬೇಕು.

ಮಾಸ್ತರರಿಗೆ ಅದು ಗೊತ್ತಾಯಿತು. ಹಾಳೆಯ ಮೇಲಿನ ಹೆಂಗಸನ್ನೇ ನೋಡುತ್ತಾ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡಿದರು. ಒಬ್ಬ ಮರ್ಯಾದಸ್ಥ ಹೆಂಗಸನ್ನು ಕರೆದು ಈ ಅಳತೆ ಬೇಕು ಎಂದು ಹೇಗೆ ಕೇಳುವುದು? ಕೂಗಳತೆಯಲ್ಲೇ ಕುಳಿತಿದ್ದ ಹೆಂಡತಿಗೆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದರೆ, ಅಳತೆ ಜಂಪರಿನಿಂದ ಆಗದ ಕೆಲಸವೂ ಒಂದಿದೆ ಎಂದು ಒಪ್ಪಿದಂತಾಗುತ್ತಿತ್ತು. ಅವರು ಅಂದಾಜಿನ ಮೇಲೆ ಕತ್ತರಿ ಹಾಕಿದರು. ನಾನು ನಾಲ್ಕು ಬೆರಳು ಗಿಡ್ಡವಾಗಿ ಹುಟ್ಟಿದೆ.

ಇಲ್ಲಿಯವರೆಗಿನ ತಪ್ಪು ಅವರದು. ಮುಂದಿನದು ನನ್ನದು.

ಹಾಕಿ ನೋಡಲು ಅನಸೂಯಾ ಬಂದರು. ಪರದೆಯ ಹಿಂದೆ ನನ್ನನ್ನು ತೊಟ್ಟುಕೊಂಡರು. ಅವರ ಭುಜ ತಾಗಿದ ಕೂಡಲೇ ನನಗೆ ನನ್ನ ಕೊರತೆ ತಿಳಿಯಿತು. ಆಗಲೇ ನಾನು ಅವರನ್ನು ಚೆನ್ನಾಗಿ ಹಿಂಡಿಬಿಟ್ಟಿದ್ದರೆ, ಕಂಕುಳಲ್ಲಿ, ತೊಡೆಯ ಸಂದಿನಲ್ಲಿ ಕಚ್ಚಿ ಹಿಡಿದಿದ್ದರೆ, ಅವರು ಅಲ್ಲಿಯೇ ಬಿಚ್ಚಿ ಕೊಡುತ್ತಿದ್ದರು. ನಾನು ಹಾಗೆ ಮಾಡಲಿಲ್ಲ. ಎದುರಿಗೆ ಕನ್ನಡಿ ಇತ್ತು. ಅದರಲ್ಲಿ ನನ್ನನ್ನು ನಾನು ಮೊದಲ ಸಲ ನೋಡಿದೆ. ಆ ಕಪ್ಪು ಕೊರಳಿನ ಕೆಳಗೆ ನನ್ನ ಹಳದಿ ಎಷ್ಟು ಚೆಂದ ಕಾಣುತ್ತಿತ್ತೆಂದರೆ, ಈ ಹೆಂಗಸಿನ ಜೊತೆ ಈ ಅಂಗಡಿ ಬಿಟ್ಟು ಹೊರಗೆ ಹೋಗಲೇಬೇಕು ಎನಿಸಿತು. ಉಸಿರು ಬಿಗಿಹಿಡಿದು, ಎಳೆ ಎಳೆಯನ್ನೂ ಜಗ್ಗಿಕೊಂಡು, ಸರಿಯಾಗಿರುವಂತೆ ನಟಿಸಿದೆ.

ಅನಸೂಯಾ ಪರದೆ ಸರಿಸಿ ಬಂದರು. ಬಾಯಿಯ ಮೇಲೆ ಕೈಯಿಟ್ಟುಕೊಂಡು, "ಇದು ನಾನ ಏನ್ರಿ?" ಎಂದರು.

"ಒಂದ ಸಲ ಕುಂತು ನೋಡ್ರಿ ಅಕ್ಕಾರ," ಎಂದರು ರುಕ್ಮಾಬಾಯಿ.

"ಭುಜದಾಗ ಒಂಚೂರು ಹಿಡದಂಗ ಆಗ್ತೈತಿ..."

"ಹೊಸಾ ಬಟ್ಟಿ. ಎರಡ ಸಲ ಹಾಕ್ಕೊಂಡ್ರ ಬಿಡ್ತದ," ಎಂದು ಮಾಸ್ತರರು ಅವಸರದಿಂದ ಹೇಳಿದರು. ಕೂಡಲು ಪರದೆಯ ಒಳಗೂ ಹೊರಗೂ ಒಂದು ಮಣೆಯೂ ಇರಲಿಲ್ಲ. ಅನಸೂಯಾ ಮತ್ತೆ ಕನ್ನಡಿಯ ಕಡೆ ತಿರುಗಿದರು. ಅವರಿಗೂ ಕೂಡುವ ಮನಸ್ಸಿರಲಿಲ್ಲ.

ಕಾರ್ಯಕ್ರಮದ ದಿನ ಅವರು ಕಿವಿಗೆ ದೊಡ್ಡ ಬೆಳ್ಳಿಯ ಓಲೆ ಹಾಕಿಕೊಂಡಿದ್ದರು. ಕೊರಳಿಗೆ ಏನೂ ಹಾಕಿರಲಿಲ್ಲ. ಬಣ್ಣ ಇಷ್ಟಿರುವಾಗ ಕೊರಳು ಬರಿದಾಗಿರಲಿ ಎಂದು ರುಕ್ಮಾಬಾಯಿಯೇ ಹೇಳಿಕೊಟ್ಟಿದ್ದರು. ಕಾಲೇಜಿನ ಹುಡುಗಿಯರು ಗುರುತು ಹಿಡಿಯದೆ ಎರಡೆರಡು ಸಲ ನೋಡಿದರು. "ಮೇಡಂ, ಭಾಳ ಚಂದ ಕಾಣಾಕತ್ತೀರಿ," ಎಂದು ಒಬ್ಬಳು ಹತ್ತಿರ ಬಂದು ಹೇಳಿ ಹೋದಳು. ಆ ಅರ್ಧ ಗಂಟೆ ಅನಸೂಯಾ ನಡೆದ ನಡಿಗೆ ನನಗೆ ಇವತ್ತಿಗೂ ನೆನಪಿದೆ. ಬೆನ್ನು ನೆಟ್ಟಗಿತ್ತು. ನನ್ನಿಂದಾಗಿ ಬೇರೆ ಹೇಗೂ ಇರಲು ಸಾಧ್ಯವಿರಲಿಲ್ಲ ಎಂಬುದು ಬೇರೆ ಮಾತು.

ವೇದಿಕೆಯ ಮೇಲೆ ಕುರ್ಚಿ ತೋರಿಸಿದಾಗ ಅವರು ಕೂಡಲಿಲ್ಲ. "ನಾ ನಿಂತಿರ್ತೇನಿ ಬಿಡ್ರಿ, ಪುಸ್ತಕ ಎತ್ತಿ ಕೊಡೂದೈತಿ," ಎಂದು ನೆಪ ಹೇಳಿದರು. ನನ್ನನ್ನು ತೊಟ್ಟು ಕೂಡಲಾಗದು ಎಂಬುದು ಅಷ್ಟರಲ್ಲಿ ಅವರಿಗೆ ತಿಳಿದಿತ್ತು. ಹೇಗೋ ಸಂಜೆಯವರೆಗೆ ನಿಂತೇ ಕಳೆದರಾಯಿತು ಎಂದುಕೊಂಡಿದ್ದರು. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಆದರೆ ದೀಪ ಬೆಳಗಿಸುವುದಿತ್ತು. ಯಾರೋ ಮೊಣಕಾಲಿನ ಎತ್ತರದ ಸಮೆಯನ್ನು, ಎಂದರೆ ದೀಪದ ಕಂಬವನ್ನು, ತಂದಿಟ್ಟಿದ್ದರು. ಅತಿಥಿಗಳು ಒಂದು ಬತ್ತಿ ಹಚ್ಚಿ, ಮೇಣದ ಬತ್ತಿಯನ್ನು ಅನಸೂಯಾ ಅವರ ಕೈಗೆ ಕೊಟ್ಟರು. ಐವತ್ತು ವರ್ಷದಲ್ಲಿ ಇಪ್ಪತ್ತೆರಡು ವರ್ಷ ಆ ಗ್ರಂಥಾಲಯ ನೋಡಿಕೊಂಡವರು ಅವರು, ಹಚ್ಚಲಾರೆ ಎನ್ನುವುದು ಹೇಗೆ? ಮೆಲ್ಲಗೆ ಬಗ್ಗಿದರು. ನಾನು ಇದ್ದ ಶಕ್ತಿಯನ್ನೆಲ್ಲ ಹಾಕಿ ತಡೆದೆ. ತಡೆಯಲಾಗಲಿಲ್ಲ. ಹಿಂದಿನ ಹೊಲಿಗೆ ಒಂದು ಗೇಣು ಬಿಚ್ಚಿತು. ಪಕ್ಕದಲ್ಲೇ ಮೈಕು ಇತ್ತು, ಆ ಸದ್ದು ಕೊನೆಯ ಸಾಲಿನವರೆಗೂ ಹೋಯಿತು.

ಮೊದಲು ಯಾರೋ ಒಬ್ಬಳು ನಕ್ಕಳು. ಆಮೇಲೆ ನಗು ಸಾಲಿನಿಂದ ಸಾಲಿಗೆ ದಾಟಿತು. ಪ್ರಾಂಶುಪಾಲರು ಅತಿಥಿಗಳಿಗೆ ಹೊದಿಸಲು ತಂದಿದ್ದ ಶಾಲನ್ನೇ ತಟ್ಟೆಯಿಂದ ಎತ್ತಿ ಇವರ ಹೆಗಲಿಗೆ ಹಾಕಿದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿದರು. ಸನ್ಮಾನದ ಶಾಲು ಹೊದ್ದುಕೊಂಡು, ಬೆನ್ನನ್ನು ಗೋಡೆಗೆ ತಾಗಿಸಿಕೊಂಡು, ಅನಸೂಯಾ ವೇದಿಕೆ ಇಳಿದು ಹೋದರು. ಬರೆದಿಟ್ಟುಕೊಂಡಿದ್ದ ನಾಲ್ಕು ಮಾತು ನನ್ನ ಕಿಸೆಯಲ್ಲೇ ಉಳಿಯಿತು.

ಮರುದಿನ ನನ್ನನ್ನು ಪೇಪರಿನಲ್ಲಿ ಸುತ್ತಿ ಅಂಗಡಿಗೆ ತಂದರು. ಮಾಸ್ತರರಿಗೆ ಸುದ್ದಿ ಮುಟ್ಟಿತ್ತು. ಬೈಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿ ಕುಳಿತಿದ್ದರು. ಅನಸೂಯಾ ಬೈಯಲಿಲ್ಲ.

"ನಿಮ್ಮ ತಪ್ಪಲ್ರಿ ಮಾಸ್ತರ. ನನ್ನ ಮೈ ಇಂಥಾದ್ದಕ್ಕ ತಕ್ಕದ್ದಲ್ಲ. ನಾ ಸಣ್ಣಾಕಿದ್ದಾಗ ಅವ್ವ ಹೇಳಿದ್ಲು. ಕೇಳಬೇಕಿತ್ತು," ಎಂದರು.

ಆ ಮಾತಿಗೆ ಒಂದೇ ಒಂದು ಉತ್ತರವಿತ್ತು. ಇಲ್ಲ ಬಾಯಾರ, ನಾನು ಅಳತೆ ತೆಗೆದುಕೊಳ್ಳಲಿಲ್ಲ, ಎನ್ನಬೇಕಿತ್ತು. ಮಾಸ್ತರರು ಪೇಪರು ಬಿಚ್ಚಿ, ನನ್ನ ಹರಿದ ಹೊಲಿಗೆಯ ಮೇಲೆ ಎರಡು ಸಲ ಬೆರಳಾಡಿಸಿದರು. ಮೂವತ್ತು ವರ್ಷದ ಹೆಸರು ನಾಲಗೆಯ ಮೇಲೆ ಕುಳಿತುಬಿಟ್ಟಿತ್ತು. ನಾನಾದರೂ ಹೇಳೋಣವೆಂದರೆ ನನಗೆ ನಾಲಗೆಯೇ ಇಲ್ಲ. ಅನಸೂಯಾ ಹೋದ ಮೇಲೆ ಮಾಸ್ತರರು ನನ್ನನ್ನು ಮಡಚಿ, ಮೇಜಿನ ಕೆಳಗಿನ ಚಿಂದಿ ಗಂಟಿನೊಳಗೆ ತುರುಕಿದರು.

ಆ ಗಂಟಿನಲ್ಲಿ ನಾನು ಹನ್ನೊಂದು ವರ್ಷ ಇದ್ದೆ. ಗಂಟಿನ ಬಾಯಿ ಸಡಿಲವಾಗಿದ್ದ ಕಡೆಯಿಂದ ಬರುವ ಹೋಗುವವರ ಪಾದ ಮತ್ತು ಸೀರೆಯ ಅಂಚು ಕಾಣುತ್ತಿತ್ತು. ಅನಸೂಯಾ ಬರುವುದನ್ನು ಬಿಡಲಿಲ್ಲ. ಬಲಗಾಲಿನ ಹೆಬ್ಬೆರಳಿನ ಹತ್ತಿರ ಅವರಿಗೊಂದು ಮಚ್ಚೆ ಇತ್ತು, ಅದರಿಂದ ಗುರುತು ಹಿಡಿಯುತ್ತಿದ್ದೆ. ಬೂದಿ ಬಣ್ಣದ ಅಂಚು ಬಂತು. ಬಿಸ್ಕೀಟು ಬಂತು. ಹಾಲುಕೆನೆ ಬಂತು. ಮತ್ತೆ ಬೂದಿ. ಪ್ರತಿ ಸಲ ನಾಚಿಕೆಯಿಂದ ನನ್ನ ಹಳದಿ ಸುಡುತ್ತಿತ್ತು. ಅವರ ದನಿ ಕೇಳಿದಾಗಲೆಲ್ಲ ಮಾಸ್ತರರ ಕಾಲು ಹೊಲಿಗೆ ಯಂತ್ರದ ಪೆಡಲಿನ ಮೇಲೆ ತಟ್ಟನೆ ನಿಲ್ಲುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗಾದರೂ ಯಾರಾದರೂ ಕಳ್ಳ ಎಂದು ಕೂಗಬೇಕು. ನಮ್ಮಿಬ್ಬರನ್ನು ಯಾರೂ ಏನೂ ಅನ್ನಲಿಲ್ಲ. ಅದೇ ಕಷ್ಟವಾಗಿತ್ತು.

ಹನ್ನೊಂದನೆಯ ವರ್ಷ ರುಕ್ಮಾಬಾಯಿ ಮೊಮ್ಮಗಳಿಗೆ ಕೌದಿ ಹೊಲಿಯಲೆಂದು ಗಂಟು ಬಿಚ್ಚಿದರು. ಚೂರು ಬಟ್ಟೆಗಳನ್ನೆಲ್ಲ ಬಣ್ಣಬಣ್ಣವಾಗಿ ಜೋಡಿಸಿ ಹೊಲಿದರೆ ಕೌದಿ. ನಾನು ಸಿಕ್ಕಾಗ ಕತ್ತರಿ ಅವರ ಕೈಯಲ್ಲೇ ಇತ್ತು. ತುಂಡು ತುಂಡಾಗುವುದೇ ನನಗೆ ತಕ್ಕ ಶಾಸ್ತಿ ಎಂದುಕೊಂಡೆ, ಸ್ವಲ್ಪ ಹಗುರವೂ ಆಯಿತು. ಅವರು ಕತ್ತರಿಸಲಿಲ್ಲ. ಕೊರಳಿಗೆ ಹಾಕಿಕೊಂಡಿದ್ದ ಟೇಪನ್ನು ತೆಗೆದು ನನ್ನ ಭುಜದಿಂದ ಕೆಳಕ್ಕೆ ಇಳಿಸಿ, ಹಿಂದಿನಿಂದ ಮೇಲಕ್ಕೆ ತಂದರು. ಅನಸೂಯಾ ಅವರಷ್ಟೇ ಎತ್ತರದ ತಮ್ಮ ಮೈಗೂ ಹಾಗೆಯೇ ಹಿಡಿದು ನೋಡಿದರು.

"ಅಲ್ರೀ, ಇದು ನಾಕ ಬೆರಳು ಗಿಡ್ಡ ಐತಿ."

ಮಾಸ್ತರರು ಯಂತ್ರ ನಿಲ್ಲಿಸಿದರು. ತಿರುಗಿ ನೋಡಲಿಲ್ಲ.

"ನಿಮಗ ಗೊತ್ತಿತ್ತು?"

"ಗೊತ್ತಿತ್ತು."

"ಅಕೀ ತನ್ನ ಮೈಗೆ ಬೈಕೊಂಡು ಹೋದ್ಲಲ್ರೀ. ನಾ ಇಲ್ಲೇ ಕುಂತಿದ್ನಲ್ಲಾ. ನನಗ ಹೇಳಿದ್ರ ಟೇಪ್ ಹಿಡೀತಿದ್ದಿಲ್ಲೇನು?"

ರುಕ್ಮಾಬಾಯಿ ಅದೇ ಚಿಂದಿ ಗಂಟಿನಿಂದ, ಜಂಪರಿಗೆಂದೇ ನೇಯುವ ಗುಳೇದಗುಡ್ಡದ ಖಣದ ದಾಳಿಂಬೆ ಬಣ್ಣದ ಒಂದು ತುಂಡನ್ನು ಹುಡುಕಿ ತೆಗೆದರು. ಅದು ಹನ್ನೊಂದು ವರ್ಷವೂ ನನ್ನ ಮಗ್ಗುಲಲ್ಲೇ ಬಿದ್ದಿತ್ತು. ನನ್ನ ಸೊಂಟವನ್ನು ಬಿಚ್ಚಿ, ನಡುವೆ ಆ ಖಣದ ಪಟ್ಟಿ ಇಟ್ಟು ಹೊಲಿದರು, ಹಿಂದಿನ ಹರಕನ್ನು ಜೋಡು ಹೊಲಿಗೆ ಹಾಕಿ ಮುಚ್ಚಿದರು. ಒಂದು ಮಧ್ಯಾಹ್ನದ ಕೆಲಸ. ಹಳದಿಗೂ ನೇರಳೆಗೂ ನಡುವೆ ಆ ದಾಳಿಂಬೆ ಬಂದು ಕುಳಿತಾಗ ಮೂರೂ ಒಂದೇ ಮನೆಯವರ ಹಾಗೆ ಕಂಡವು. ಇಷ್ಟು ಸುಲಭವಾಗಿತ್ತೆಂದು ತಿಳಿದಾಗ ನನಗೆ ಸಂತೋಷವಾಗಲಿಲ್ಲ.

ಮುಂದಿನ ತಿಂಗಳು ಅನಸೂಯಾ ಬಂದರು. ಹದಿನೈದು ದಿನದಲ್ಲಿ ನಿವೃತ್ತಿ. ಬೀಳ್ಕೊಡುಗೆಗೆ ಉಡುವ ಸೀರೆಗೆ ಒಂದು ಜಂಪರು ಬೇಕಿತ್ತು, ಬೂದಿ ಬಣ್ಣದ ಬಟ್ಟೆ ತಂದಿದ್ದರು. ಗಿರಾಕಿ ಬಂದರೆ ಎಂದೂ ಏಳದ ಮಾಸ್ತರರು ಎದ್ದು ನಿಂತರು.

"ಬಾಯಾರ, ಅವತ್ತಿನ ತಪ್ಪು ನಿಮ್ಮ ಮೈದಲ್ರಿ. ನಂದು. ಒಂದ ಅಳತಿ ನಾ ತಗೊಂಡಿದ್ದಿಲ್ಲ. ಕೇಳಾಕ ನಾಚಿಕಿ ಬಂತು. ನೀವು ತಿರುಗಿ ತಂದಾಗ ಹೇಳಾಕೂ ನಾಚಿಕಿ ಬಂತು."

ರುಕ್ಮಾಬಾಯಿ ನನ್ನನ್ನು ಅನಸೂಯಾ ಅವರ ಕೈಗೆ ಕೊಟ್ಟು, ಪರದೆಯ ಹಿಂದೆ ಒಂದು ಸ್ಟೂಲು ಇಟ್ಟು ಬಂದರು.

ಅವರು ನನ್ನನ್ನು ತೊಟ್ಟರು. ಕನ್ನಡಿ ನೋಡುವ ಮೊದಲೇ ಕುಳಿತರು. ನಾನು ಉಸಿರು ಬಿಗಿಹಿಡಿಯಲಿಲ್ಲ, ಹಿಡಿಯುವ ಅಗತ್ಯವೂ ಇರಲಿಲ್ಲ. ಮುಂದಕ್ಕೆ ಬಗ್ಗಿ ಕಾಲಿನ ಬೆರಳು ಮುಟ್ಟಿದರು. ನೆಟ್ಟಗಾದರು. ಮತ್ತೆ ಬಗ್ಗಿದರು. ನನ್ನ ಕಿಸೆಗೆ ಕೈ ಹಾಕಿದಾಗ ನಾಲ್ಕು ಮಾತು ಬರೆದ ಚೀಟಿ ಸಿಕ್ಕಿತು. ಅದನ್ನು ಓದದೆ ಅಂಗೈಯಲ್ಲಿ ಹಿಡಿದುಕೊಂಡರು.

ಹೊರಗೆ ಬಂದಾಗ ತಮ್ಮ ಬಿಸ್ಕೀಟು ಬಣ್ಣದ ಸೀರೆಯಲ್ಲಿದ್ದರು. ನನ್ನನ್ನು ಮೇಜಿನ ಮೇಲಿಟ್ಟು, "ಹನ್ನೊಂದು ವರ್ಷ ಆತು ಮಾಸ್ತರ," ಎಂದರು. ದನಿ ಏರಿರಲಿಲ್ಲ. "ಅವತ್ತ ಒಂದ ಮಾತು ಹೇಳಿದ್ರ ಸಾಕಿತ್ತು."

ಮಾಸ್ತರರು ಕೈ ಮುಗಿದರು. ಮುಗಿಯುವ ಕೈಯಾದರೂ ಅವರಿಗಿತ್ತು.

"ಇದು ಇಲ್ಲೇ ಇರ್ಲಿ," ಎಂದು ಅನಸೂಯಾ ರುಕ್ಮಾಬಾಯಿಗೆ ಹೇಳಿದರು. "ಯಾರರೆ ಇಂಥಾದ್ದು ಹೊಲಿಸಾಕ ಬಂದ್ರ ಮೊದಲ ಇದನ್ನ ಹಾಕ್ಕೊಂಡು ಕುಂದರಾಕ ಹೇಳ್ರಿ." ಬಾಗಿಲಿಗೆ ಹೋದವರು ತಿರುಗಿ, "ಆ ಜಂಪರ್ ಸದ್ಯ ಹೊಲೀಬ್ಯಾಡ್ರಿ. ಬೇಕಾದ್ರ ಬಂದು ಹೇಳ್ತೇನಿ," ಎಂದು ಸೇರಿಸಿದರು.

ಈಗ ನಾನು ಆ ಅಂಗಡಿಯ ಅಳತೆ ಬಟ್ಟೆ. ಪರದೆಯ ಪಕ್ಕದ ಮೊಳೆಗೆ ತೂಗಿಕೊಂಡಿರುತ್ತೇನೆ. ಹಳದಿ ಮಾಸಿದೆ, ನೇರಳೆ ಅಲ್ಲಲ್ಲಿ ಬೆಳ್ಳಗಾಗಿದೆ, ದಾಳಿಂಬೆ ಮಾತ್ರ ಹಾಗೆಯೇ ಇದೆ. ಒಂದೇ ತುಂಡಿನ ಉಡುಪು ಬೇಕೆಂದು ಬರುವ ಹುಡುಗಿಯರು ನನ್ನನ್ನು ತೊಟ್ಟು ಸ್ಟೂಲಿನ ಮೇಲೆ ಕೂಡುತ್ತಾರೆ. ರುಕ್ಮಾಬಾಯಿ ಟೇಪು ಹಿಡಿದು ಪಕ್ಕದಲ್ಲಿ ನಿಲ್ಲುತ್ತಾರೆ. ಎಲ್ಲಿ ಬಿಗಿಯೋ ಅಲ್ಲಿ ನಾನು ಮುಲಾಜಿಲ್ಲದೆ ಕಚ್ಚುತ್ತೇನೆ. ಹುಡುಗಿಯರು ಅಯ್ಯೋ ಎನ್ನುತ್ತಾರೆ, ರುಕ್ಮಾಬಾಯಿ ಆ ಜಾಗಕ್ಕೆ ಸೀಮೆಸುಣ್ಣ ಹಚ್ಚುತ್ತಾರೆ.

ಇದರಿಂದ ನನ್ನ ತಪ್ಪು ತೊಳೆದುಹೋಯಿತೆಂದು ನಾನು ಹೇಳುವುದಿಲ್ಲ. ನನ್ನನ್ನು ತೊಟ್ಟು ಎಷ್ಟು ಜನ ಕುಳಿತು ಎದ್ದರೂ ಆ ಹನ್ನೊಂದು ವರ್ಷದ ಸೀರೆಗಳ ಬಣ್ಣ ಬದಲಾಗುವುದಿಲ್ಲ. ಬೀಳ್ಕೊಡುಗೆಯ ದಿನ ಅನಸೂಯಾ ಏನು ಉಟ್ಟಿದ್ದರೋ ನನಗೆ ಗೊತ್ತಿಲ್ಲ. ಅವರು ಮತ್ತೆ ಅಂಗಡಿಗೆ ಬಂದಿಲ್ಲ. ಆ ಬೂದಿ ಬಣ್ಣದ ಬಟ್ಟೆ ಮಡಿಕೆ ಕೂಡ ಬಿಚ್ಚದೆ ಎದುರಿನ ಕಪಾಟಿನಲ್ಲಿದೆ, ಮೊಳೆಯಿಂದ ನನಗೆ ಅದು ದಿನವೂ ಕಾಣುತ್ತದೆ. ಅವರ ಮುಖ ಇನ್ನೊಮ್ಮೆ ನೋಡಬೇಕೆಂದು ಬಹಳ ಆಸೆ ನನಗೆ. ಆದರೂ ಆ ಬೂದಿ ಬಟ್ಟೆಯನ್ನು ಕೇಳಿಕೊಂಡು ಅವರು ಎಂದೂ ಬಾರದಿರಲಿ.