ತಾಯಿ ಮನಸ್ಸು ಮತ್ತು ಬದನೆ ಸಸಿ

ನಮ್ಮ ಶಾಲೆಯಲ್ಲಿ ವಿಜ್ಞಾನದ ಪೀರಿಯಡ್ಡು ಬಂತೆಂದರೆ ಹುಡುಗರು ಲ್ಯಾಬಿಗೆ, ಹುಡುಗಿಯರು ಬಕೆಟ್ಟು ಹಿಡಿದು ಹಿತ್ತಲ ತೋಟಕ್ಕೆ. ಕಳೆ ಕಿತ್ತು, ನೀರು ಹಾಕಿ, ಕೈ ತೊಳೆದು ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತಿತ್ತು. ನಾನು ಹೊಸ ವಿಜ್ಞಾನ ಟೀಚರು. ಬಂದ ವಾರವೇ ಮೈಯೆಲ್ಲ ಉರಿದುಹೋಯಿತು.

ಬಾಯಿ ಜೋರೆಂದು ಎಲ್ಲರೂ ಮೆಣಸಿನಕಾಯಿ ಅಂತ ಕರೆಯುವ ಹುಡುಗಿಯೊಬ್ಬಳು ಬೆನ್ನು ಹತ್ತಿದಳು. "ಟೀಚರ್, ಮೈಕ್ರೋಸ್ಕೋಪಲ್ಲಿ ಈರುಳ್ಳಿ ಸಿಪ್ಪೆ ಹೇಗೆ ಕಾಣುತ್ತೆ? ನಮ್ಮಣ್ಣ ನೋಡಿದಾನೆ. ನಾನು ಬರೀ ಚಿತ್ರ ಬಾಯಿಪಾಠ ಮಾಡಿದೀನಿ. ಈ ವರ್ಷ ಬಿಟ್ರೆ ನನ್ನ ಶಾಲೆನೇ ಮುಗೀತು."

ಹೆಡ್‌ಮಾಸ್ಟರ ಬಳಿ ಹೋದೆ. "ಗಿಡ ಸಾಕೋಕೆ ತಾಯಿ ಮನಸ್ಸು ಬೇಕಮ್ಮಾ. ಭೂಮೀನೂ ತಾಯಿ, ಹೆಣ್ಣೂ ತಾಯಿ" ಅಂದರು, ಕಣ್ಣು ಮುಚ್ಚಿಕೊಂಡು. ಅಬ್ಬಬ್ಬಾ! ಹೊಗಳಿ ಅಟ್ಟಕ್ಕೇರಿಸುತ್ತಲೇ ಕೈಗೆ ಬಕೆಟ್ಟು ಕೊಡೋದು ಅಂದರೆ ಇದೇ.

"ಒಂದೇ ಒಂದು ದಿನ ಅದಲುಬದಲು ಮಾಡ್ತೀನಿ ಸಾರ್."

"ಮಾಡಿ. ತೋಟ ಕೆಟ್ಟರೆ ಮಾತ್ರ ಇನ್ನೊಂದು ಸಲ ಈ ಮಾತು ಎತ್ತಬಾರದು."

ಮರುದಿನ ಮೆಣಸಿನಕಾಯಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. "ಅಯ್ಯೋ ಟೀಚರ್, ಇಟ್ಟಿಗೆ ಗೋಡೆ! ಈರುಳ್ಳಿ ಒಳಗೆ ಯಾರು ಕಟ್ಟಿದ್ರು?" ಖುಷಿಗೆ ನನಗೇ ಕಣ್ಣು ತುಂಬಿ ಬಂತು.

ಅಷ್ಟರಲ್ಲಿ ಹಿತ್ತಲಿಂದ ಹೆಡ್‌ಮಾಸ್ಟರ ಕೂಗು. ಎಲ್ಲರೂ ಓಡಿದೆವು. ಹುಡುಗರು ಬದನೆ ಸಸಿಗಳನ್ನು ಕಿತ್ತು ಗುಡ್ಡೆ ಹಾಕಿ, ಕಳೆಗೆ ಭಯಭಕ್ತಿಯಿಂದ ನೀರು ಹಾಕುತ್ತಿದ್ದರು. ಮುಗೀತು ಕಥೆ ಅಂದುಕೊಂಡೆ.

"ನೋಡಿದ್ರಾ? ಗಂಡುಹುಡುಗರ ರಕ್ತದಲ್ಲೇ ಇದಿಲ್ಲ!"

"ರಕ್ತದಲ್ಲಿ ಯಾರಿಗೂ ಇರಲ್ಲ ಸಾರ್. ಹುಡುಗಿಯರು ಮಾಡ್ತಾ ಮಾಡ್ತಾ ಕಲಿತರು. ಇವರಿಗೆ ನಾವು ಕಲಿಸಲೇ ಇಲ್ಲ."

"ಇದರಲ್ಲಿ ಕಲಿಸೋದೇನಿದೆ? ನೋಡ್ರೋ ಇಲ್ಲಿ, ಕಳೆ ಅಂದ್ರೆ ಇದು!" ಪ್ಯಾಂಟು ಮಡಚಿ, ಬಗ್ಗಿ, ಮೂಲೆಯಲ್ಲಿ ಉಳಿದಿದ್ದ ಒಂದೇ ಒಂದು ಬದನೆ ಸಸಿಯನ್ನು ಬೇರುಸಮೇತ ಕಿತ್ತು ಎತ್ತಿ ಹಿಡಿದರು.

ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ಮೆಣಸಿನಕಾಯಿ ಸುಮ್ಮನಿರುವವಳೇ? "ಸಾರ್, ಅದು ಬದನೆ. ಸ್ವಲ್ಪ ತಾಯಿ ಮನಸ್ಸಿಟ್ಟು ನೋಡಿ."

ಹೆಡ್‌ಮಾಸ್ಟರು ಸಸಿ ನೋಡಿದರು, ಅವಳನ್ನು ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಯ್ತಮ್ಮಾ, ಸೋತೆ. ಇನ್ಮೇಲೆ ತೋಟಕ್ಕೂ ಲ್ಯಾಬಿಗೂ ಎಲ್ಲರೂ ಸರದಿ ಪ್ರಕಾರ. ತಗೋ, ಇದನ್ನ ವಾಪಸ್ ನೆಡು."

ಅವಳು ಕೈ ಚಾಚಲಿಲ್ಲ. ಬರಿದಾಗಿದ್ದ ಗುಂಡಿ ತೋರಿಸಿದಳು.

"ನೀವೇ ನೆಡಿ ಸಾರ್. ನನಗೆ ಲ್ಯಾಬಿದೆ."