ಬಾವಿಗೆ ಇಳಿದ ಹಗ್ಗ

ನಾನು ಒಂದು ಹಗ್ಗ. ಕತ್ತಾಳೆ ನಾರನ್ನು ಹೊಸೆದು, ಬಿಸಿಲಿಗೆ ಎಳೆದು ಕಟ್ಟಿ ನನ್ನನ್ನು ಮಾಡಿದರು. ಸುರುಳಿಯಾಗಿ ಲಾರಿಯಲ್ಲಿ ಬಂದು ಬಾಗಲಕೋಟೆ ಸೀಮೆಯ ಸಣ್ಣ ಊರೊಂದರ ಅಗ್ನಿಶಾಮಕ ಠಾಣೆ ಸೇರಿದೆ.

ಆ ಠಾಣೆಗೆ ಬಣವೆ ಸುಟ್ಟ ಸುದ್ದಿಗಿಂತ ಬಾವಿಗೆ ಬಿದ್ದವರ ಸುದ್ದಿಯೇ ಹೆಚ್ಚು ಬರುತ್ತಿತ್ತು. ನನ್ನನ್ನು ಸೊಂಟಕ್ಕೆ ಬಿಗಿದುಕೊಂಡು ಇಳಿಯುವವನು ಅಡಿವೆಪ್ಪ; ಮೇಲೆ ಹಿಡಿಯುವವನು ಅವನ ಜೊತೆಗಾರ ಹುಸೇನಸಾಬ. ಎಮ್ಮೆಗರುವನ್ನು ಎತ್ತಿದ ದಿನ ಮುದುಕಿಯೊಬ್ಬಳು ನನಗೂ ಅರಿಷಿಣ ಹಚ್ಚಿದಳು. ಒಮ್ಮೊಮ್ಮೆ ಹೆಣವನ್ನೂ ತರಬೇಕಾಗುತ್ತಿತ್ತು. ಅಂಥ ದಿನ ಅಡಿವೆಪ್ಪ ಮನೆಗೆ ಹೋಗದೆ ನಲ್ಲಿಯ ಬಳಿ ನನ್ನನ್ನು ತಿಕ್ಕಿ ತೊಳೆಯುತ್ತ ಕೂರುತ್ತಿದ್ದ. ಹೆಂಡತಿ ನೀಲವ್ವ ಬುತ್ತಿ ತಂದು ಪಕ್ಕದಲ್ಲಿ ಕೂರುತ್ತಿದ್ದಳು.

ಒಂದು ಬೇಸಿಗೆಯಲ್ಲಿ, ಹಾಳು ಬಾವಿಯ ಹೂಳೆತ್ತಲು ಇಳಿದ ಕೂಲಿಯವನೊಬ್ಬ ವಿಷಗಾಳಿಗೆ ಸಿಕ್ಕಿ ತಳದಲ್ಲೇ ಬಿದ್ದ. ಬಾವಿಯ ಬಾಯಿ ಇಕ್ಕಟ್ಟು. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಇಳಿಯುವಂತಿರಲಿಲ್ಲ. ಹುಸೇನಸಾಬ ಬೇಡವೆಂದು ತಡೆದ.

"ಅವನ ಉಸುರು ಇನ್ನೂ ಆಡಾಕತ್ತೈತಿ. ಹಿಡಿ," ಎಂದು ಅಡಿವೆಪ್ಪ ಒದ್ದೆ ಬಟ್ಟೆಯನ್ನು ಮೂಗಿಗೆ ಕಟ್ಟಿಕೊಂಡು ಇಳಿದ.

ತಳದಲ್ಲಿ ಅವನು ನನ್ನನ್ನು ತನ್ನ ಸೊಂಟದಿಂದ ಬಿಚ್ಚಿ ಕೂಲಿಯವನಿಗೆ ಕಟ್ಟಿದ. ವಿಷಗಾಳಿಗೆ ಬೆರಳುಗಳು ಆಗಲೇ ಸೋಲುತ್ತಿದ್ದವು, ಗಂಟು ಮಾತ್ರ ಸಡಿಲವಿರಲಿಲ್ಲ. ಒಮ್ಮೆ ಜಗ್ಗಿದ. ಮೇಲಿನವರು ಎಳೆದುಕೊಂಡರು. ಕೂಲಿಯವನು ಬದುಕಿದ.

ನನ್ನನ್ನು ಮತ್ತೆ ಇಳಿಬಿಟ್ಟರು. ಗೋಡೆಗೆ ಒರಗಿದ್ದ ಅಡಿವೆಪ್ಪನ ಹೆಗಲು ಮುಟ್ಟಿದೆ. ಅವನು ನನ್ನನ್ನು ಹಿಡಿದುಕೊಂಡ. ಸುತ್ತಿಕೊಳ್ಳಲು ಶಕ್ತಿ ಉಳಿದಿರಲಿಲ್ಲ. ಮೇಲಿನವರು ಎಳೆದಾಗ ನಾನು ಆ ಕೈಯಿಂದ ಜಾರಿ ಬಂದೆ.

ಅಡಿವೆಪ್ಪನನ್ನು ಮಣ್ಣು ಮಾಡಿದ ಕೆಲವು ದಿನಗಳ ಮೇಲೆ ನೀಲವ್ವ ಠಾಣೆಗೆ ಬಂದಳು. ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಹುಸೇನಸಾಬನನ್ನು ಕೇಳಿದಳು.

"ಹಗ್ಗ ಮತ್ತ ಇಳಿಸಿದ್ರೇನು, ಅಣ್ಣಾ?"

"ಇಳಿಸಿದ್ವಿ, ತಂಗಿ. ಒಂದ್ ಕ್ಷಣಾನೂ ತಡಾ ಮಾಡ್ಲಿಲ್ಲ," ಎಂದ ಹುಸೇನಸಾಬ. "ಆದ್ರ ಅವಗ ಮುಟ್ಟಿತೋ ಇಲ್ಲೋ, ನನಗ ತಿಳೀಲಿಲ್ಲ."

ಅವಳು ತಲೆಯಾಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದು ಹೋದಳು.

ಈಗ ಠಾಣೆಗೆ ನೈಲಾನ್ ಹಗ್ಗ ಬಂದಿದೆ. ನಾನು ಉಗ್ರಾಣದ ಮೂಲೆಯಲ್ಲಿ ಗೆದ್ದಲು ಹಿಡಿಯುತ್ತಿದ್ದೇನೆ. ಎಷ್ಟೋ ಜೀವಗಳ ಭಾರ ಹೊತ್ತವನು ನಾನು, ಅದರ ದಣಿವಿಲ್ಲ. ನೀಲವ್ವನಿಗೆ ಹೇಳಲಾಗದೆ ಉಳಿದದ್ದು ಒಂದೇ ಮಾತು: ಮುಟ್ಟಿತವ್ವಾ, ಅವನು ಹಿಡಿದುಕೊಂಡಿದ್ದ.