ಬೋಲ್ಟು ಬಂತು, ಫ್ಯಾನು ಈಗಲೇ ಬೇಡ

ಹುಲ್ಲು ಕೊಯ್ದು ಹೊಲದಲ್ಲಿ ಹರವಿಯಾಗಿತ್ತು. ಸಂಜೆಗೆ ಮಳೆ ಎಂದು ರೇಡಿಯೋದಲ್ಲಿ ಹೇಳಿದ್ದರು. ಅಷ್ಟರೊಳಗೆ ಹುಲ್ಲನ್ನು ಕೊಟ್ಟಿಗೆಯ ಅಟ್ಟಕ್ಕೆ ತುಂಬಿ, ಕೆಳಗಿನಿಂದ ದೊಡ್ಡ ಫ್ಯಾನಿನಲ್ಲಿ ಗಾಳಿ ಹಾಯಿಸಬೇಕು. ಇಲ್ಲದಿದ್ದರೆ ಹುಲ್ಲು ಮುಗ್ಗಿ ಹೋಗುತ್ತದೆ. ಫಿನ್ಲೆಂಡಿನ ಚಳಿಗಾಲ ಏಳು ತಿಂಗಳು. ರೈತ ತೂರೆಯ ಹದಿನೆಂಟು ಹಸುಗಳಿಗೆ ಅಷ್ಟು ದಿನವೂ ಅದೇ ಊಟ.

ಇಂಥ ಹೊತ್ತಿನಲ್ಲೇ ಫ್ಯಾನಿನ ಬೆಲ್ಟು ಸಡಿಲವಾಗಬೇಕೇ! ಬೆಲ್ಟು ಬಿಗಿಯಬೇಕಾದರೆ ಮೋಟಾರು ಸರಿಸಬೇಕು, ಮೋಟಾರು ಸರಿಸಬೇಕಾದರೆ ಬೋಲ್ಟು ಬಿಚ್ಚಬೇಕು. ಮೂರು ಬಂದವು. ನಾಲ್ಕನೆಯದು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ತೂರೆ ಸ್ಪ್ಯಾನರಿಗೆ ಉದ್ದನೆಯ ಪೈಪು ಸಿಕ್ಕಿಸಿ, ಹಲ್ಲು ಕಚ್ಚಿ ಎಳೆದ. ಟಪ್ಪೆಂದು ಬೋಲ್ಟಿನ ತಲೆ ಮುರಿದು ಕೈಗೆ ಬಂತು.

"ಆತುರಗಾರನಿಗೆ ಬುದ್ಧಿ ಮಟ್ಟ," ಎಂದಳು ಹೆಂಡತಿ ಸೈಮಿ. "ಹೋಗಿ ಹಿಲ್ಕನ್ನ ಕರ್ಕೊಂಡು ಬಾ."

ಹಿಲ್ಕ ಪಕ್ಕದ ಮನೆಯವಳು. ಮೂವತ್ತು ವರ್ಷ ಹಡಗು ಕಟ್ಟುವಲ್ಲಿ ವೆಲ್ಡಿಂಗ್ ಮಾಡಿದವಳು. ಬಂದವಳೇ ಬೋಲ್ಟು ನೋಡಿದಳು, ಆಮೇಲೆ ನೆಲ ನೋಡಿದಳು.

"ಇದನ್ನ ಹೊರಗೆ ಒಯ್ಯೋಕಾಗಲ್ವಾ?"

"ಮೋಟಾರು ಕೂತಿರೋ ಚೌಕಟ್ಟು ಸಿಮೆಂಟಲ್ಲಿ ಹೂತಿದೆ ಮಾರಾಯ್ತಿ!"

"ಹಾಗಾದ್ರೆ ಪೊರಕೆ ಕೊಡು. ನೀರು ತಾ. ಬೆಂಕಿ ಆರಿಸೋ ಸಿಲಿಂಡರು ಎರಡು ಬೇಕು."

"ಒಂದು ಬೋಲ್ಟಿಗೆ ಇಷ್ಟೊಂದು ಮೆರವಣಿಗೆನಾ?"

"ನಂಗೆ ಇದರ ಚೀಟಿ ಇದೆ ಕಣೋ, ಬೆಂಕಿ ಕೆಲಸದ ಚೀಟಿ. ಪರೀಕ್ಷೆ ಬರೆದು ತಗೊಂಡಿದ್ದು."

"ಬೆಂಕಿಗೆ ಓದೋಕೆ ಬರುತ್ತಾ?" ಎಂದು ತೂರೆ ನಕ್ಕ. ಆದರೂ ಗುಡಿಸಿದ, ನೆಲಕ್ಕೂ ಗೋಡೆಯ ಹಲಗೆಗೂ ನೀರು ಹೊಡೆದ.

ಹಿಲ್ಕ ಮುರಿದ ಬೋಲ್ಟಿನ ಎಣ್ಣೆ ಒರೆಸಿ, ಅದರ ಮೇಲೆ ಒಂದು ನಟ್ಟು ಇಟ್ಟಳು. ಮುಖಕ್ಕೆ ಮುಸುಕು ಹಾಕಿಕೊಂಡು, ನಟ್ಟಿನ ತೂತಿನೊಳಗಿಂದಲೇ ಬೆಸೆದಳು. ಕಿಡಿಗಳು ಸುತ್ತಲೂ ಸಿಡಿದವು. ಎರಡೂ ಕೆಂಪಗೆ ಕಾದು ಒಂದಾದವು. ತೂರೆ ಸ್ಪ್ಯಾನರಿಗೆ ಕೈ ಹಾಕಿದ.

"ತಾಳೋ! ಆರಲಿ. ಕಾದಾಗ ಹಿಗ್ಗುತ್ತೆ, ಆರಿದಾಗ ಕುಗ್ಗುತ್ತೆ. ಆ ಎಳೆದಾಟದಲ್ಲೇ ತುಕ್ಕಿನ ಹಿಡಿತ ಬಿಡೋದು. ಈಗ ತಿರುಗಿಸಿದ್ರೆ ಮತ್ತೆ ಮುರಿಯುತ್ತೆ."

ಕೆಂಪು ಹೋಗಿ ಕಪ್ಪಾದ ಮೇಲೆ ಬುಡಕ್ಕೆ ಮೇಣದ ಬತ್ತಿ ಮುಟ್ಟಿಸಿದಳು. ಮೇಣ ಕರಗಿ ಒಳಗೆ ಇಳಿಯಿತು. ಇನ್ನಷ್ಟು ಆರಿದ ಮೇಲೆ ಸ್ಪ್ಯಾನರಿಗೆ ಪೈಪು ಗೀಪು ಏನೂ ಇಲ್ಲದೆ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಆಡಿಸಿದಳು. ಕಿರ್ ಎಂದು ಒಮ್ಮೆ ಕೂಗಿ ಬೋಲ್ಟು ಸಲೀಸಾಗಿ ಹೊರಬಂತು.

"ಅಬ್ಬಬ್ಬಾ, ಭೇಷ್!" ತೂರೆಗೆ ಹಿಡಿಸಲಾರದಷ್ಟು ಖುಷಿ. ಹೊಸ ಬೋಲ್ಟು ಹಾಕಿದ, ಬೆಲ್ಟು ಬಿಗಿದ, ಓಡಿಹೋಗಿ ಸ್ವಿಚ್ಚಿನ ಮೇಲೆ ಕೈ ಇಟ್ಟ.

"ತೆಗಿ ಕೈ!" ಹಿಲ್ಕ ಗದರಿದಳು. "ಇನ್ನೊಂದು ಗಂಟೆ ಫ್ಯಾನು ಹಾಕೋ ಹಾಗಿಲ್ಲ, ಹುಲ್ಲು ಒಳಗೆ ತರೋ ಹಾಗೂ ಇಲ್ಲ. ಇಲ್ಲೇ ಕೂತು ಕಾಯಬೇಕು."

"ಏನನ್ನ ಕಾಯೋದು? ಬೆಂಕಿ ಎಲ್ಲಿದೆ? ಅಲ್ಲಿ ಮೋಡ ನೋಡೇ, ನನ್ನ ಹುಲ್ಲು ನೆನೆಯುತ್ತೆ!"

"ಹುಲ್ಲು ನೆನೆದ್ರೆ ಒಂದು ವರ್ಷದ ನಷ್ಟ. ಕೊಟ್ಟಿಗೆ ಹೋದ್ರೆ? ಆ ಗೋಡೆ ಆಚೆ ನಿನ್ನ ಹಸುಗಳಿವೆ ತೂರೆ."

ತೂರೆ ಗೊಣಗುತ್ತಾ ಬಕೆಟ್ಟಿನ ಮೇಲೆ ಕುಳಿತ. ಸೈಮಿ ಕಾಫಿಯನ್ನೂ ಏಲಕ್ಕಿ ಬನ್ನನ್ನೂ ಅಲ್ಲಿಗೇ ತಂದಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಮೋಡ ದಟ್ಟವಾಯಿತು. ಅವನಿಗೆ ಮುಳ್ಳಿನ ಮೇಲೆ ಕೂತ ಹಾಗಾಗಿತ್ತು.

ನಲವತ್ತನೇ ನಿಮಿಷಕ್ಕೆ ಅವನೇ ಮೂಗು ಅರಳಿಸಿದ. "ಏನೋ ಸುಟ್ಟ ವಾಸನೆ..."

ಹಿಲ್ಕ ಆಗಲೇ ಎದ್ದಿದ್ದಳು. ಗೋಡೆಯ ಬುಡದ ಹಲಗೆ ಕಿತ್ತಳು. ಪೊರಕೆಗೆ ಸಿಗದ ಸಂದಿಯಲ್ಲಿ ಹಳೆಯ ಹುಲ್ಲಿನ ಪುಡಿ ಅಂಗೈಯಗಲ ಕೆಂಪಗೆ ಮಿನುಗುತ್ತಿತ್ತು. ಒಂದು ಬಕೆಟ್ ನೀರಿಗೆ ಚುಯ್ಯೆಂದು ಆರಿತು.

ತೂರೆ ಆ ಕಪ್ಪು ಕಲೆಯನ್ನು ನೋಡಿದ, ತಲೆಯೆತ್ತಿ ಫ್ಯಾನನ್ನು ನೋಡಿದ. ಆ ದೊಡ್ಡ ಫ್ಯಾನು ಈ ಕೆಂಡಕ್ಕೆ ಊದಿದ್ದರೆ ಏನಾಗುತ್ತಿತ್ತೆಂಬುದು ಕಣ್ಣಿಗೆ ಕಟ್ಟಿತು. ಗೋಡೆಯಾಚೆ ಒಂದು ಹಸು ನಿಧಾನವಾಗಿ ಮೆಲುಕು ಹಾಕುತ್ತಿತ್ತು.

"ಗಂಟೆ ಆಗೋಕೆ ಇನ್ನೆಷ್ಟಿದೆ?" ಎಂದು ಸೈಮಿ ಕೇಳಿದಳು.

"ಮೊದಲಿಂದ ಎಣಿಸೋಣ," ಎಂದ ತೂರೆ. "ನೀವಿಬ್ಬರೂ ಗಾಡಿಗೆ ಹುಲ್ಲು ತುಂಬ್ತಾ ಇರಿ. ಕಾಯೋದು ನಾನು."

ಮಳೆಯ ಮೊದಲ ಹನಿ ಬೀಳುವ ಹೊತ್ತಿಗೆ ಕೊನೆಯ ಗಾಡಿ ಒಳಗೆ ಬಂದಿತ್ತು. ಫ್ಯಾನು ಗುಂಯ್ಯೆಂದು ತಿರುಗುತ್ತಿತ್ತು.

ನಿಮ್ಮಲ್ಲೂ ಬೋಲ್ಟು ಕಚ್ಚಿಕೊಳ್ಳುತ್ತದೆ, ಅದು ಕಬ್ಬಿಣದ ಸ್ವಭಾವ. ಜಗ್ಗಾಡಿ ಮುರಿಯಬೇಡಿ, ಬಲ್ಲವರನ್ನು ಕರೆದು ಬಿಸಿ ಕೊಡಿಸಿ. ಆದಷ್ಟೂ ಬಯಲಿನಲ್ಲಿ ಮಾಡಿಸಿ. ಒಳಗೇ ಮಾಡಬೇಕಾಗಿ ಬಂದರೆ ಗುಡಿಸಿ, ನೀರು ಹೊಡೆದು, ಬೆಂಕಿ ಆರಿಸುವ ಸಿಲಿಂಡರು ಕೈಗೆಟಕುವಲ್ಲಿ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಗಾಳಿಯಾಡಿಸದೆ ಒಂದು ಗಂಟೆ ಪೂರ್ತಿ ಕೂತು ಕಾಯಿರಿ. ಕಿಡಿಗೆ ನಿಮ್ಮ ಅವಸರ ಗೊತ್ತಿಲ್ಲ, ಅದು ಕಾಯುತ್ತದೆ. ಅದಕ್ಕಿಂತ ಹೆಚ್ಚು ಹೊತ್ತು ನೀವು ಕಾಯಿರಿ.